ಹಾಡು ಕೇಳಿಸಿತು, ನನ್ನ ದನಿ ಕೇಳಿಸಲಿಲ್ಲ!

ಆನ್‌ಲೈನ್ ಸಂದರ್ಶನಕ್ಕೆ ಎರಡೇ ದಿನ ಬಾಕಿ. ಲಿನಕ್ಸ್ ಹಾಕಿದ್ದ ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಹಾಡು ಕೇಳಿಸುತ್ತಿತ್ತು. ಆದರೆ ಇಯರ್‌ಫೋನ್ ಮೈಕ್‌ನಲ್ಲಿ ನಾನಾಡಿದ ಮಾತು ಗೆಳೆಯನಿಗೆ ಕೇಳಿಸುತ್ತಿರಲಿಲ್ಲ. ಮೈಕ್ ಕೆಟ್ಟಿದೆ ಎಂದುಕೊಂಡು ಹೊಸದಕ್ಕೆ ದುಡ್ಡು ಹೊಂದಿಸತೊಡಗಿದೆ. ನೋಡಿದರೆ, ಅದೇ ಇಯರ್‌ಫೋನ್ ಮೊಬೈಲ್‌ನಲ್ಲಿ ಸರಿಯಾಗಿತ್ತು!

ಹುಡುಕಿದಾಗ ವಿಷಯ ತಿಳಿಯಿತು. ಲಿನಕ್ಸ್‌ನ ಧ್ವನಿ ವ್ಯವಸ್ಥೆಯ ಹೆಸರು ಆಲ್ಸಾ. ಅದರ ‘ಎಚ್‌ಡಿಎ ಇಂಟೆಲ್’ ಎಂಬ ಒಂದೇ ಡ್ರೈವರ್ ಹಲವು ಕಂಪನಿಗಳ ಸೌಂಡ್ ಚಿಪ್‌ಗಳನ್ನು ನಡೆಸುತ್ತದೆ. ಇದು ಅದರ ಹೆಚ್ಚುಗಾರಿಕೆ. ಆದರೆ ಚಿಪ್‌ನ ಯಾವ ಪಿನ್‌ಗೆ ಮೈಕ್, ಯಾವುದಕ್ಕೆ ಸ್ಪೀಕರ್ ಎಂಬುದನ್ನು ಬಯಾಸ್ ಹೇಳಿದಂತೆ ನಂಬುತ್ತದೆ. ಆ ಮಾಹಿತಿ ತಪ್ಪಿದ್ದರೆ ಡ್ರೈವರ್ ಕೂಡ ಎಡವುತ್ತದೆ. ಇದು ಅದರ ಮಿತಿ.

ಡ್ರೈವರ್‌ನ ‘ಮಾಡೆಲ್’ ಆಯ್ಕೆಗೆ ‘ಹೆಡ್‌ಸೆಟ್-ಮೈಕ್’ ಎಂದು ಕೊಟ್ಟು ರೀಬೂಟ್ ಮಾಡಿದೆ. “ಈಗ ಕೇಳ್ತಿದೆ ಕಣೋ” ಎಂದ ಗೆಳೆಯ. ಸಂದರ್ಶನಕ್ಕೆ ಉತ್ತರಗಳ ಜೊತೆ ಮೈಕನ್ನೂ ಮೊದಲೇ ಸಿದ್ಧಮಾಡಿಕೊಳ್ಳಿ.