‘ಆತನು’ ‘ನೀನು’ ಆಗುವಲ್ಲಿ: ಕ್ರೈಸ್ತ ಪ್ರಾರ್ಥನೆ ಮತ್ತು ಗಡಿನಾಡಿನ ಸರ್ವನಾಮಗಳು

ಕ್ರೈಸ್ತ ಜೀವನದಲ್ಲಿ ಪ್ರಾರ್ಥನೆಗೆ ಏಕಿಷ್ಟು ಮಹತ್ವ ಎಂದು ಕೇಳಿದರೆ, ಅದು ವಿಶ್ವಾಸಿಯ ಉಸಿರು ಎಂಬ ಉತ್ತರ ಕೂಡಲೇ ದೊರೆಯುತ್ತದೆ. ಉತ್ತರ ತಪ್ಪಲ್ಲ. ಆದರೆ ಬೋಧನೆ, ಧರ್ಮಶಾಸ್ತ್ರ, ಸತ್ಕಾರ್ಯ ಇವುಗಳಿಂದ ಆಗದೆ ಪ್ರಾರ್ಥನೆಯಿಂದ ಮಾತ್ರ ಆಗುವುದು ಏನು ಎಂಬುದನ್ನು ಅದು ತಿಳಿಸುವುದಿಲ್ಲ. ಈ ಪ್ರಶ್ನೆಗೆ ವ್ಯಾಕರಣದ ಕಡೆಯಿಂದಲೂ ಒಂದು ದಾರಿಯಿದೆ. ಎರಡು ಭಾಷೆಗಳ ನಡುವೆ ಬದುಕುವ ನಮ್ಮ ಗಡಿನಾಡಿನವರಿಗೆ ಅದು ಅಪರಿಚಿತವಾದ ದಾರಿಯೇನಲ್ಲ.

ಇಪ್ಪತ್ತಮೂರನೆಯ ಕೀರ್ತನೆಯನ್ನು ನೋಡಬಹುದು. ದೇವರನ್ನು ಕುರುಬನಿಗೆ ಹೋಲಿಸುವ ಅದರ ಮೊದಲ ಭಾಗ ಪ್ರಥಮ ಪುರುಷದಲ್ಲಿದೆ. ಅಲ್ಲಿ ದೇವರು ‘ಆತನು’. ಮರಣದ ಕತ್ತಲು ಕವಿದ ಕಣಿವೆಯ ಪ್ರಸ್ತಾಪ ಬಂದೊಡನೆ ಅದೇ ದೇವರು ‘ನೀನು’ ಆಗುತ್ತಾನೆ. ಹುಲ್ಲುಗಾವಲಿನಲ್ಲಿ ದೇವರ ಕುರಿತು ಮಾತನಾಡುತ್ತಿದ್ದವನು ಕಣಿವೆಯಲ್ಲಿ ದೇವರೊಡನೆ ಮಾತನಾಡತೊಡಗುತ್ತಾನೆ. ಬೋಧನೆ, ಧರ್ಮಶಾಸ್ತ್ರಗಳೆಲ್ಲ ಪ್ರಥಮ ಪುರುಷದಲ್ಲಿ ನಡೆಯಬಲ್ಲವು. ನಂಬದವನೂ ಅವುಗಳಲ್ಲಿ ಪಂಡಿತನಾಗಬಹುದು. ಮಧ್ಯಮ ಪುರುಷಕ್ಕೆ ಹೊರಳುವುದು ಪ್ರಾರ್ಥನೆಯಲ್ಲಿ ಮಾತ್ರ. ಆ ಹೊರಳುವಿಕೆ ನಿಂತುಹೋದ ಕ್ರೈಸ್ತಧರ್ಮ ಒಂದು ವಿಚಾರಪದ್ಧತಿಯಾಗಿ ಉಳಿಯಬಹುದೇ ಹೊರತು ಜೀವನವಾಗಿ ಅಲ್ಲ ಎಂದು ನನ್ನ ತಿಳಿವಳಿಕೆ.

ಯೇಸು ಕಲಿಸಿದ ಪ್ರಾರ್ಥನೆ ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಬರುತ್ತದೆ. ಅದಕ್ಕೆ ಮುಂಚೆ ಬರುವ ಸೂಚನೆ ಏಕಾಂತದ್ದು: ಕೋಣೆಯನ್ನು ಹೊಕ್ಕು, ಬಾಗಿಲು ಮುಚ್ಚಿ ಪ್ರಾರ್ಥಿಸಬೇಕು. ಆದರೆ ಅನಂತರ ಕಲಿಸಿದ ಪ್ರಾರ್ಥನೆಯಲ್ಲಿ ‘ನಾನು’, ‘ನನ್ನ’ ಎಂಬ ಪದಗಳು ಒಂದು ಬಾರಿಯೂ ಇಲ್ಲ. ತಂದೆ, ರೊಟ್ಟಿ, ತಪ್ಪು, ಕ್ಷಮೆ ಎಲ್ಲವೂ ಬಹುವಚನದಲ್ಲಿವೆ. ಬಾಗಿಲು ಮುಚ್ಚಿಕೊಂಡವನು ಕೂಡ ‘ನಮ್ಮ’ ಎಂದೇ ಆರಂಭಿಸಬೇಕು. ಮೊದಲನೆಯ ಶತಮಾನದ ಕೊನೆ ಅಥವಾ ಎರಡನೆಯದರ ಆರಂಭದ್ದೆಂದು ಬಹುಮಂದಿ ವಿದ್ವಾಂಸರು ಎಣಿಸುವ ‘ಡಿಡಾಕೆ’ ಎಂಬ ಗ್ರೀಕ್ ಕೈಪಿಡಿ ಈ ಪ್ರಾರ್ಥನೆಯನ್ನು ದಿನಕ್ಕೆ 3 ಬಾರಿ ಹೇಳಬೇಕೆಂದು ವಿಧಿಸುತ್ತದೆ.

ಈ ‘ನಮ್ಮ’ ಎಂಬ ಪದದಲ್ಲಿಯೇ ಕನ್ನಡವು ತನ್ನ ನೆರೆಯ ಭಾಷೆಗಳಿಂದ ಬೇರೆಯಾಗುತ್ತದೆ. ತಮಿಳು, ತೆಲುಗು, ಮಲಯಾಳ, ಮರಾಠಿ ಈ ನಾಲ್ಕೂ ಭಾಷೆಗಳಲ್ಲಿ ಕೇಳುಗನನ್ನು ಒಳಗೊಂಡ ‘ನಮ್ಮ’ ಒಂದು, ಕೇಳುಗನನ್ನು ಹೊರಗಿಟ್ಟ ‘ನಮ್ಮ’ ಇನ್ನೊಂದು. ಪ್ರಾರ್ಥನೆಯಲ್ಲಿ ಕೇಳುಗನು ದೇವರೇ ಆದ್ದರಿಂದ, ಆತನು ಆ ಬಹುವಚನದೊಳಗೆ ಸೇರುವಂತಿಲ್ಲ. ಹೀಗಾಗಿ ತಮಿಳಿನಲ್ಲಿ ‘ಎಂಗಳ್’, ತೆಲುಗಿನಲ್ಲಿ ‘ಮಾ’, ಮಲಯಾಳದಲ್ಲಿ ‘ಞಙ್ಙಳುಡೆ’, ಮರಾಠಿಯಲ್ಲಿ ‘ಆಮಚ್ಯಾ’ ಎಂಬ ಹೊರಗಿಡುವ ರೂಪಗಳೇ ಬಳಕೆಗೆ ಬಂದಿವೆ. ಹಳಗನ್ನಡದಲ್ಲಿ ‘ಆಂ’, ‘ನಾಂ’ ಎಂಬ ಎರಡು ರೂಪಗಳು ಕಾಣುತ್ತವೆಯಾದರೂ ಇಂದಿನ ಕನ್ನಡಕ್ಕೆ ಉಳಿದಿರುವುದು ಒಂದೇ. ಮೂಲದ ಗ್ರೀಕಿನಲ್ಲಿಯೂ ಈ ಭೇದವಿಲ್ಲ.

ಇದರ ಪರಿಣಾಮ ಸಭೆಯಲ್ಲಿ ಕಿವಿಗೇ ತಿಳಿಯುವಂಥದು. ತಮಿಳಿನಲ್ಲಿ ಬೋಧಿಸುವ ಸಭಾಪಾಲಕರು ಜನರನ್ನು ಉದ್ದೇಶಿಸಿ ‘ನಮ್ಮ’ ಎಂಬ ಒಳಗೊಳ್ಳುವ ರೂಪವನ್ನು ಬಳಸುತ್ತಾರೆ. ಕಣ್ಣು ಮುಚ್ಚಿ ಪ್ರಾರ್ಥನೆಗೆ ತೊಡಗಿದೊಡನೆ ಅದು ‘ಎಂಗಳ್’ ಆಗುತ್ತದೆ. ಮಾತು ಜನರಿಂದ ದೇವರ ಕಡೆಗೆ ತಿರುಗಿತೆಂಬುದನ್ನು ಆ ಸರ್ವನಾಮವೇ ಸಾರುತ್ತದೆ. ಕನ್ನಡದಲ್ಲಿ ಬೋಧನೆಯ ‘ನಮ್ಮ’, ಪ್ರಾರ್ಥನೆಯ ‘ನಮ್ಮ’ ಎರಡೂ ಒಂದೇ. ತಿರುವನ್ನು ತಿಳಿಸುವ ಭಾರ ಸಂಬೋಧನೆಯ ಮೇಲೂ ‘ನೀನು’ ಎಂಬುದರ ಮೇಲೂ ಬೀಳುತ್ತದೆ. ತಾಳವಾಡಿಯ ಅಥವಾ ಹೊಸೂರಿನ ದ್ವಿಭಾಷಿಕರು ಈ ಎರಡು ಬಗೆಯನ್ನೂ ಬಲ್ಲರು. ವ್ಯಾಕರಣದ ಇಂಥ ಆಕಸ್ಮಿಕದ ಮೇಲೆ ಸಿದ್ಧಾಂತವೊಂದನ್ನು ಕಟ್ಟಿ, ಕನ್ನಡದ ಪ್ರಾರ್ಥನೆ ಹೆಚ್ಚು ಉದಾರವೆಂದು ಹೇಳುವುದು ಮಾತ್ರ ಸಲ್ಲದು. ‘ಎಂಗಳ್’ ಹೊರಗಿಡುವುದು ಕೇಳುಗನನ್ನೇ ಹೊರತು ನೆರೆಯವರನ್ನಲ್ಲ.

ಮಧ್ಯಮ ಪುರುಷದಲ್ಲಿಯೂ ವ್ಯತ್ಯಾಸವಿದೆ. ಕನ್ನಡ, ತೆಲುಗು, ಮರಾಠಿಗಳ ರೂಢಿಯ ಪಾಠಗಳಲ್ಲಿ ದೇವರು ಏಕವಚನದ ‘ನೀನು’. ಶಿವಶರಣರೂ ಹರಿದಾಸರೂ ತಮ್ಮ ಇಷ್ಟದೈವವನ್ನು ಹಾಗೆಯೇ ಕರೆದಿದ್ದರಿಂದ ಕನ್ನಡದ ಕಿವಿಗೆ ಅದು ಅಗೌರವವೆನಿಸುವುದಿಲ್ಲ. ತಮಿಳಿನ ರೂಢಿಯ ಪಾಠದಲ್ಲಿರುವುದು ಗೌರವಸೂಚಕವಾದ ‘ಉಮ್ಮುಡೈಯ’. ಮಲಯಾಳದಲ್ಲಿ ಪ್ರೊಟೆಸ್ಟೆಂಟರ ಹಳೆಯ ಪಾಠ ಏಕವಚನವನ್ನು ಹಿಡಿದರೆ, ಕಥೋಲಿಕರ ಪಾಠ ಗೌರವರೂಪವನ್ನು ಹಿಡಿದಿದೆ. ಪ್ರಾರ್ಥನೆಯ ಭಾಷೆಯನ್ನು ಬದಲಿಸಿದಾಗ ಪದಗಳೊಂದಿಗೆ, ದೇವರೆದುರು ನಿಲ್ಲುವ ಭಂಗಿಯೂ ಇಷ್ಟಿಷ್ಟು ಬದಲಾಗುತ್ತದೆ.

ಪ್ರಾರ್ಥನೆ ಹಳೆಯ ಭಾಷೆಯನ್ನು ಸುಲಭವಾಗಿ ಬಿಟ್ಟುಕೊಡದು. ಗ್ರೀಕಿನಲ್ಲಿ ಬರೆದ ಪೌಲನ ಪತ್ರಗಳಲ್ಲಿ ‘ಅಬ್ಬಾ’, ‘ಮಾರನಾಥಾ’ ಎಂಬ ಅರಾಮಿಕ್ ಪದಗಳು ಹಾಗೆಯೇ ಉಳಿದಿವೆ. ಎರಡೂ ದೇವರನ್ನು ಕೂಗಿ ಕರೆಯುವ ಮಾತುಗಳು. ‘ಆಮೆನ್’ ಎಂಬ ಹೀಬ್ರೂ ಪದ ಇಂದಿಗೂ ಅನುವಾದಗೊಂಡಿಲ್ಲ. ಕಥೋಲಿಕರ ಪೂಜಾವಿಧಿಯಲ್ಲಿ ದೇಶಭಾಷೆಗಳಿಗೆ ವ್ಯಾಪಕ ಅವಕಾಶ ದೊರೆತದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯ 1963ರ ನಿರ್ಣಯದಿಂದ.

ನಮ್ಮ ಗಡಿಗಳಲ್ಲಿಯೂ ಇದರ ನಿದರ್ಶನಗಳಿವೆ. ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿದ್ದು ಕೈಗೊಂಡ ಕನ್ನಡ ಬೈಬಲ್ಲಿನ ಅನುವಾದ 1831ರಲ್ಲಿ ಪೂರ್ಣಗೊಂಡಿತು. ಆಗ ಆದವಾನಿ, ರಾಯದುರ್ಗಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಇದ್ದವು; ಅವು ಆಂಧ್ರಕ್ಕೆ ಸೇರಿದ್ದು 1953ರಲ್ಲಿ. ನೀಲಗಿರಿಯ ಕೇತಿಯಲ್ಲಿ 1846ರಲ್ಲಿ ನೆಲೆಯೂರಿದ ಬಾಸೆಲ್ ಮಿಶನ್ನಿನ ಮಂಗಳೂರು ಮುದ್ರಣಾಲಯದಿಂದ 1890ರಲ್ಲಿ ಕನ್ನಡ ಲಿಪಿಯ ಬಡಗ ಪುಸ್ತಕವೊಂದು ಹೊರಬಂದಿತು. ಅದರ ಹೆಸರಿನಲ್ಲಿರುವುದು ‘ಸುವಾರ್ತೆ’ ಅಲ್ಲ, ‘ಒಳ್ಳೆಯ ಸುದ್ದಿ’. ಕಾಸರಗೋಡಿನ ಬೇಳದಂಥ ಮಂಗಳೂರು ಧರ್ಮಪ್ರಾಂತ್ಯದ ಚರ್ಚುಗಳಲ್ಲಿ ಸ್ಥಿತಿ ಇನ್ನೂ ವಿಚಿತ್ರ: ರಾಜ್ಯದ ಭಾಷೆ ಮಲಯಾಳ, ಮನೆಮಾತು ಕೊಂಕಣಿ, ಆ ಕೊಂಕಣಿ ಪ್ರಾರ್ಥನೆಯ ಲಿಪಿ ಕನ್ನಡ. ಕನ್ನಡದ ಅಕ್ಷರ ಉಳಿಯಲು ಕನ್ನಡ ಮಾತೇ ಇರಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹಾಗಾದರೆ ಮಕ್ಕಳು ತಮಿಳಿನಲ್ಲಿಯೋ ತೆಲುಗಿನಲ್ಲಿಯೋ ಓದುತ್ತಿರುವ ಊರಿನ ಕನ್ನಡ ಸಭೆ ಏನು ಮಾಡಬೇಕು? ಸಭೆಯ ಕರ್ತವ್ಯ ಭಾಷೆಯನ್ನು ಕಾಯುವುದಲ್ಲ. ತಿಳಿಯದ ಭಾಷೆಯ ಹತ್ತು ಸಾವಿರ ಮಾತಿಗಿಂತ ತಿಳಿಯುವ ಐದು ಮಾತು ಮೇಲೆಂಬ ಅಭಿಪ್ರಾಯವನ್ನು ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿಯೇ ಸೂಚಿಸಿದ್ದಾನೆ. ಅದೇ ನ್ಯಾಯ ಹಿರಿಯರಿಗೂ ಅನ್ವಯಿಸಬೇಕು. ಅರವತ್ತು ವರ್ಷ ‘ನೀನು’ ಎಂದವರಿಗೆ ‘ಉಮ್ಮುಡೈಯ’ ಅರ್ಥವಾಗಬಹುದು; ಕಣಿವೆಯಲ್ಲಿ ಅದು ಬಾಯಿಗೆ ಬರುವುದು ಕಷ್ಟ. ಬಹುಭಾಷಿಕ ಸಭೆಗಳಲ್ಲಿ ಒಂದು ರೂಢಿಯಿದೆ: ಯೇಸು ಕಲಿಸಿದ ಪ್ರಾರ್ಥನೆಯನ್ನು ಎಲ್ಲರೂ ತಮ್ಮ ತಮ್ಮ ಭಾಷೆಯಲ್ಲಿ ಒಟ್ಟಿಗೆ ಹೇಳುವುದು. ಬೋಧನೆಗೆ ಈ ಅನುಕೂಲವಿಲ್ಲ, ಪ್ರಾರ್ಥನೆಗಿದೆ. ಇಲ್ಲಿ ಕೇಳುವವನಿಗೆ ಅನುವಾದ ಬೇಕಿಲ್ಲವಲ್ಲ.

ಗಡಿನಾಡಿನ ಭಾಷಾಬಳಕೆಯನ್ನು ಸಮೀಕ್ಷಿಸುವವರು ‘ಆರಾಧನೆಯ ಭಾಷೆ’ ಎಂಬ ಒಂದೇ ಪ್ರಶ್ನೆಯಲ್ಲಿ ಇವೆಲ್ಲವನ್ನೂ ಅಡಗಿಸುವುದು ಸಾಲದು. ಬಾಯಿಪಾಠದ ಪ್ರಾರ್ಥನೆ, ಸಭೆಯ ಮುಂದೆ ಆಶುವಾಗಿ ಮಾಡುವ ಪ್ರಾರ್ಥನೆ, ರೋಗಿಯ ಹಾಸಿಗೆಯ ಬಳಿಯ ಪ್ರಾರ್ಥನೆ, ಮನಸ್ಸಿನೊಳಗಿನ ಪ್ರಾರ್ಥನೆ ಇವು ಒಬ್ಬರಲ್ಲಿಯೇ ಬೇರೆ ಬೇರೆ ಭಾಷೆಗಳಲ್ಲಿರಬಹುದು. ಪ್ರತಿಯೊಂದನ್ನೂ ಬೇರೆಯಾಗಿಯೇ ಕೇಳಿ ದಾಖಲಿಸಬೇಕು.