ಗಾಡಿ ಯಾಕೆ ವಾಲುತ್ತೆ?

ಅಕ್ಕಾ, ಸಂಘದ ಸಾಲದಲ್ಲಿ ಕೊಂಡ ಹಳೇ ಪಿಕಪ್ ಗಾಡಿ. ಟೊಮೆಟೊ ಹೊತ್ತು ಸಂತೆಗೆ ಓಡುತ್ತೆ. ಈಗ ಒಂದು ಕಡೆ ವಾಲುತ್ತೆ. ಯಾಕೆ?

ಖಾಲಿ ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ. ಹಿಂದಿನ ಚಕ್ರದ ಹತ್ತಿರ ಬಗ್ಗಿ ನೋಡಿ. ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳಿವೆ. ಇವಕ್ಕೆ ಪ್ಲೇಟು ಅಂತಾರೆ. ಎತ್ತಿನ ಗಾಡಿಗೆ ಇವು ಇಲ್ಲ. ಅದಕ್ಕೇ ಅದರಲ್ಲಿ ಕೂತರೆ ಸೊಂಟ ನೋಯುತ್ತೆ! ಭಾರ ಬಿದ್ದಾಗ ಪ್ಲೇಟು ಬಗ್ಗುತ್ತೆ. ಇಳಿಸಿದಾಗ ಮೇಲೇಳುತ್ತೆ. ವರ್ಷಗಟ್ಟಲೆ ಹೆಚ್ಚು ಹೊತ್ತರೆ ಚಪ್ಪಟೆ ಆಗುತ್ತೆ, ಬಿರುಕು ಬಿಡುತ್ತೆ. ಗಾಡಿ ಆ ಕಡೆ ಕುಸಿಯುತ್ತೆ. ತಿರುವಿನಲ್ಲಿ ಮಗುಚಲೂಬಹುದು.

ಪ್ಲೇಟಿನ ತುದಿಯಲ್ಲಿ ಬುಶ್ ಇದೆ. ಸವೆದರೆ ಕಟಕಟ ಸದ್ದು ಬರುತ್ತೆ. ಖರ್ಚು ಕಡಿಮೆ, ಮೊದಲು ಇದನ್ನು ನೋಡಿಸಿ. ಪಕ್ಕದ ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರಿದರೆ ಅದು ಕೆಟ್ಟಿದೆ.

ಮುರಿದ ಪ್ಲೇಟಿಗೆ ವೆಲ್ಡಿಂಗ್ ಬೇಡ. ಕಾಯಿಸಿದರೆ ಉಕ್ಕಿನ ಗುಣ ಕೆಡುತ್ತೆ. ಎರಡೂ ಕಡೆ ಹೊಸದು ಹಾಕಿಸಿ. ಒಂದೇ ಕಡೆ ಹಾಕಿಸಿದರೆ ಮತ್ತೆ ವಾಲುತ್ತೆ. ಕೆಲವು ದಿನ ಓಡಿದ ಮೇಲೆ ಬೋಲ್ಟು ಮತ್ತೆ ಬಿಗಿಸಿ.

"ಇನ್ನೊಂದು ಪ್ಲೇಟು ಸೇರಿಸಿದ್ದೀನಿ ಕಣಕ್ಕ, ಎಷ್ಟು ಬೇಕಾದ್ರೂ ತುಂಬಬಹುದು" ಅಂತಾನೆ ಡ್ರೈವರ್. ನಂಬಬೇಡಿ. ಪ್ಲೇಟು ಸೇರಿಸಿದರೆ ಬ್ರೇಕಿನ ಶಕ್ತಿ ಹೆಚ್ಚೋದಿಲ್ಲ, ಟೈರಿನದೂ ಹೆಚ್ಚೋದಿಲ್ಲ. ತುಂಬಿದ ಗಾಡಿಯ ತೂಕ, ಖಾಲಿ ಗಾಡಿಯ ತೂಕ ಆರ್.ಸಿ.ಯಲ್ಲಿ ಬರೆದಿರುತ್ತೆ. ಅಂಕಿ ಓದಿ. ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಉಳಿದಷ್ಟೇ ತುಂಬಿಸಿ. ಅದರಲ್ಲಿ ಡ್ರೈವರನ ತೂಕವೂ ಸೇರಿತು!