ತಲೆಯ ಬೆಳೆ ಒಣಗಿತು, ಕಿವಿಯ ಫಸಲು ಬಂತು

ಅಕ್ಕಲಕೋಟದ ಪೇಟೆಯಲ್ಲಿ ಕನ್ನಡ, ಮರಾಠಿ ಎರಡೂ ಒಂದೇ ಬಾಯಿಂದ ಬರುತ್ತವೆ. ಕಟಿಂಗ್ ಅಂಗಡಿಯಲ್ಲಂತೂ ಕೇಳುವುದೇ ಬೇಡ. ಗುರುವಾರ ಸ್ವಾಮಿ ಸಮರ್ಥರ ದರ್ಶನಕ್ಕೆಂದು ಆಳಂದ, ಅಫಜಲಪುರ, ಇಂಡಿ ಕಡೆಯಿಂದ ಬಂದವರು ಕನ್ನಡದಲ್ಲಿ ಮಾತು ತೆಗೆದರೆ, ಪಕ್ಕದ ಕುರ್ಚಿಯ ಸೊಲ್ಲಾಪುರದ ಗಿರಾಕಿ ಮರಾಠಿಯಲ್ಲಿ ಉತ್ತರ ಕೊಡುತ್ತಾನೆ. ಇಬ್ಬರಿಗೂ ತಿಳಿಯುತ್ತದೆ. ಅಂಥದೊಂದು ಅಂಗಡಿಯಲ್ಲಿ ಸರತಿ ಕಾಯುತ್ತ ಕುಳಿತಿದ್ದಾಗ, ಕನ್ನಡ ಶಾಲೆಯಿಂದ ನಿವೃತ್ತರಾದ ಮಾಸ್ತರರೊಬ್ಬರು ಕುರ್ಚಿ ಏರಿದರು. ಕೊರಳಿಗೆ ಬಟ್ಟೆ ಕಟ್ಟಿದ ಅಂಗಡಿಯ ಕಾಕಾ ಅವರ ತಲೆಯನ್ನು ನೋಡಲೇ ಇಲ್ಲ. ನೋಡಲು ಅಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಕಿವಿ ಹಿಡಿದು ಬೆಳಕಿಗೆ ತಿರುಗಿಸಿದರು.

“ಏನ್ರೀ ಮಾಸ್ತರ, ತಲಿಮ್ಯಾಲಿನ ಬೆಳಿ ಒಣಗಿ ಹೋತು, ಕಿವ್ಯಾಗಿನ ಫಸಲ ಭಾಳ ಚಲೋ ಬಂದೈತಲ್ಲ!”

“ಮುಟ್ಟಾಕ ಅಂಜಿಕಿ ಬರ್ತೈತಪಾ. ಹೋದ ಸಲದ್ದು ಇನ್ನೂ ನೆನಪೈತಿ” ಎಂದರು ಮಾಸ್ತರರು.

ಅಂಗಡಿಯಲ್ಲಿದ್ದವರು ನಕ್ಕರು. ಮಾಸ್ತರರು ನಗಲಿಲ್ಲ. ಅವರ ‘ಹೋದ ಸಲ’ದ ಕತೆ ನಗುವಂಥದ್ದೂ ಆಗಿರಲಿಲ್ಲ. ಮನೆಯಲ್ಲಿ ಮೊಮ್ಮಗಳು ತೊಡೆಯ ಮೇಲೆ ಕುಳಿತು “ಅಜ್ಜಾ, ನಿನ್ನ ಕಿವ್ಯಾಗ ಮೀಸಿ ಬಂದಾವ” ಎಂದಳಂತೆ. ನೆಂಟರ ಮದುವೆ ಹತ್ತಿರ ಬಂದಿತ್ತು. ಕನ್ನಡಿ ಮುಂದೆ ಕುಳಿತು, ಮುಳ್ಳು ತೆಗೆಯುವ ಚಿಮಟದಿಂದ ಒಂದೊಂದೇ ಕೂದಲನ್ನು ಬೇರುಸಮೇತ ಕಿತ್ತರು. ಮೂರನೆಯ ದಿನಕ್ಕೆ ಕಿವಿಯ ಬಾಯಲ್ಲಿ ಕುರು. ರೊಟ್ಟಿ ಅಗಿಯಲು ಬರುವುದಿಲ್ಲ, ಆ ಮಗ್ಗುಲಿಗೆ ಮಲಗಲು ಬರುವುದಿಲ್ಲ. ಮೊದಲೇ ಸಕ್ಕರೆ ಕಾಯಿಲೆ. ಮದುವೆ ಬಿಟ್ಟು ಸೊಲ್ಲಾಪುರದ ಕಿವಿ ಡಾಕ್ಟರರ ಹತ್ತಿರ ಓಡಬೇಕಾಯಿತು. “ಇನ್ನೊಂದ ವಾರ ಬಿಟ್ಟಿದ್ರ ಎಲುಬಿಗೆ ಇಳೀತಿತ್ತು ಅಂದ್ರು. ನಾಲ್ಕ ಕೂದಲಕ್ಕ ಇಷ್ಟ ರಾದ್ಧಾಂತ!”

ಡಾಕ್ಟರರು ಬರೀ ಹೆದರಿಸಲು ಹೇಳಿದ ಮಾತಲ್ಲ ಅದು. ವಯಸ್ಸಾದ ಮಧುಮೇಹಿಗಳಲ್ಲಿ ಹೊರಗಿವಿಯ ಸೋಂಕು ಒಮ್ಮೊಮ್ಮೆ ತಲೆಬುರುಡೆಯ ತಳದ ಎಲುಬಿಗೆ ಹಬ್ಬಿ ಜೀವಕ್ಕೇ ಎರವಾಗುವುದುಂಟು. ಕೂದಲು ಕಿತ್ತಾಗ ಅದರ ಬುಡದಲ್ಲಿ ಬಾಯಿ ತೆರೆದ ಸಣ್ಣ ಗಾಯವಾಗುತ್ತದೆ. ಉಗುರು, ಚಿಮಟಗಳ ಕೊಳೆ ಅದರೊಳಗೆ ಇಳಿಯುತ್ತದೆ. ಕಿವಿಯೊಳಗಿನ ಚರ್ಮ ತೆಳು, ಕೆಳಗಿನ ಮೃದು ಎಲುಬಿಗೆ ಅಂಟಿಕೊಂಡೇ ಇರುತ್ತದೆ. ಬಾವು ಬಂದರೆ ಹಿಗ್ಗಲು ಜಾಗವಿಲ್ಲ. ಅದಕ್ಕೇ ಕಾಳಿನಷ್ಟು ಕುರು ಮುಷ್ಟಿಯಷ್ಟು ನೋವು ಕೊಡುತ್ತದೆ.

ಇಷ್ಟಕ್ಕೂ ತಲೆಯ ಮೇಲೆ ಇರಬೇಕಾದದ್ದು ಕಿವಿಗೆ ಯಾಕೆ ಇಳಿಯುತ್ತದೆ? ಕಿವಿಯಲ್ಲಿ ಹುಟ್ಟಿನಿಂದಲೇ ಕಣ್ಣಿಗೆ ಕಾಣದಂಥ ನವಿರಾದ ತುಪ್ಪಳವಿರುತ್ತದೆ. ಗಂಡಸರ ಹಾರ್ಮೋನುಗಳು ಅದರ ಬೇರಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡುತ್ತವೆ. ನಡುವಯಸ್ಸು ದಾಟುವ ಹೊತ್ತಿಗೆ ತುಪ್ಪಳ ದಪ್ಪಗಾಗಿ, ಉದ್ದವಾಗಿ, ಒರಟು ಕೂದಲಾಗುತ್ತದೆ. ವಿಚಿತ್ರವೆಂದರೆ ಅದೇ ಹಾರ್ಮೋನುಗಳು ನೆತ್ತಿಯ ಕೂದಲಿನ ಬೇರನ್ನು ಸೊರಗಿಸಿ ಬೋಳು ಮಾಡುತ್ತವೆ. ಒಂದೇ ಮಳೆಗೆ ಒಂದು ಹೊಲ ಕೊಳೆತು, ಇನ್ನೊಂದು ಹೊಲ ಹಸಿರಾದಂತೆ.

‘ಇದು ಅಪ್ಪನಿಂದ ಮಗನಿಗೆ ಬರುವ ಆಸ್ತಿ’ ಎಂದು ಮಾಸ್ತರರು ಹಿಂದೆ ಶಾಲೆಯಲ್ಲಿ ಕಲಿಸಿದ್ದುಂಟಂತೆ. ಆಗಿನ ಪಠ್ಯಪುಸ್ತಕಗಳಲ್ಲಿ ಇದ್ದದ್ದೂ ಹಾಗೆಯೇ. ಆಂಧ್ರ ಮೂಲದ ತಳಿವಿಜ್ಞಾನಿ ದ್ರೋಣಂರಾಜು ಕೃಷ್ಣರಾವ್ ಕಲ್ಕತ್ತೆಯಲ್ಲಿ ಜೆ.ಬಿ.ಎಸ್. ಹಾಲ್ಡೇನರ ಶಿಷ್ಯರು. ಹಾಲೆಯ ಅಂಚಿನಲ್ಲಿ ಕೂದಲು ಬೆಳೆಯುವ ಗುಣ ಗಂಡಸರಲ್ಲಿ ಮಾತ್ರ ಇರುವ ‘ವೈ’ ವರ್ಣತಂತುವಿನ ಮೂಲಕ ಹರಿದುಬರುತ್ತದೆ ಎಂದು ವಂಶಾವಳಿಗಳನ್ನು ಮುಂದಿಟ್ಟು ಅವರು 1960ರಲ್ಲಿ ವಾದಿಸಿದರು. ಅದು ದೇಶದ ತುಂಬ ಪರೀಕ್ಷೆಯ ಪ್ರಶ್ನೆಯೂ ಆಯಿತು. ಆದರೆ 2004ರಲ್ಲಿ ದಕ್ಷಿಣ ಭಾರತದ ಗಂಡಸರ ‘ವೈ’ ವರ್ಣತಂತುಗಳನ್ನೇ ಪರೀಕ್ಷಿಸಿದ ಅಧ್ಯಯನ, ಅಂಥ ನಂಟು ಕಾಣುವುದಿಲ್ಲ ಎಂದಿತು. ಕಲಿಸಿದ ಪಾಠ ತಪ್ಪಾಯಿತೆಂದು ಮಾಸ್ತರರಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಕಿವಿಯಲ್ಲಿ ಕೂದಲಿದ್ದವರಿಗೆ ಆಯುಸ್ಸು ಗಟ್ಟಿ, ದೈವ ಗಟ್ಟಿ ಎನ್ನುವ ನಂಬಿಕೆ ನಮ್ಮ ಹಿರಿಯರದು. ಬೆಳೆಸಿ ಹೆಸರು ಮಾಡಿದವರೂ ಇದ್ದಾರೆ. ಮಧುರೈನ ನಿವೃತ್ತ ಮುಖ್ಯೋಪಾಧ್ಯಾಯ ಆಂಟನಿ ವಿಕ್ಟರ್ ಅವರ ಕಿವಿಗೂದಲು 2007ರಲ್ಲಿ ಅಳೆದಾಗ 18.1 ಸೆಂಟಿಮೀಟರ್ ಇತ್ತು, ಗಿನ್ನೆಸ್ ಪುಸ್ತಕ ಸೇರಿತು. ಕಾಕಾಗೆ ಇದನ್ನು ಹೇಳಿದಾಗ, “ಅವ್ರ ಊರಾಗ ಕಟಿಂಗ್ ಅಂಗಡಿ ಇದ್ದಿಲ್ಲೇನ್ರಿ?” ಎಂದು ಕೇಳಿದರು.

ಬೇಡವೆನ್ನುವವರು ಮಾಡಬೇಕಾದದ್ದು ಕಡಿಮೆ, ಬಿಡಬೇಕಾದದ್ದೇ ಹೆಚ್ಚು. ಹೊರಗೆ ಕಾಣುವಷ್ಟನ್ನು ಮೊಂಡು ತುದಿಯ ಸಣ್ಣ ಕತ್ತರಿಯಿಂದ ಕತ್ತರಿಸಿದರೆ ಸಾಕು. ಬ್ಯಾಟರಿಯ ಪುಟ್ಟ ಟ್ರಿಮ್ಮರುಗಳೂ ಸಿಗುತ್ತವೆ, ಕಣ್ಣು ಮಂಜಾದವರಿಗೆ, ಕೈ ನಡುಗುವವರಿಗೆ ಕತ್ತರಿಗಿಂತ ಅದೇ ವಾಸಿ. ಕತ್ತರಿಸಿದರೆ ದಪ್ಪಗೆ ಬೆಳೆಯುತ್ತದೆ ಎನ್ನುವುದು ಸುಳ್ಳು. ತುದಿ ಮೊಂಡಾಗುವುದರಿಂದ ಕೈಗೆ ಹಾಗೆ ಹತ್ತುತ್ತದೆ ಅಷ್ಟೆ. ಕೂದಲು ಉದುರಿಸುವ ಕ್ರೀಮನ್ನು, ಬಿಸಿ ಮೇಣವನ್ನು ಕಿವಿಯ ತೂತಿನ ಹತ್ತಿರ ತರಲೇಬಾರದು. ಲೇಸರ್ ಮಾಡಿಸುವವರಿದ್ದಾರೆ. ಅದು ಹಿಡಿಯುವುದು ಕೂದಲಿನ ಕಪ್ಪು ಬಣ್ಣವನ್ನು. ಬೆಳ್ಳಗಾದ ಕೂದಲಿಗೆ ಅದರಿಂದ ಪ್ರಯೋಜನವಿಲ್ಲ. ಕಿವಿಯ ಕೂದಲು ಗಮನಕ್ಕೆ ಬರುವ ವಯಸ್ಸಿನಲ್ಲಿ ಎಷ್ಟು ಜನರದು ಕಪ್ಪಗಿರುತ್ತದೆ?

ಒಳಗಿನ ಕೂದಲಿನ ತಂಟೆಗೆ ಮಾತ್ರ ಹೋಗಬಾರದು. ಅದೂ ಗುಗ್ಗೆಯೂ ಸೇರಿ ಧೂಳು, ಹುಳಗಳನ್ನು ತಡೆಯುತ್ತವೆ. ಗುಗ್ಗೆ ಸಾಮಾನ್ಯವಾಗಿ ತಾನೇ ಹೊರಗೆ ಸರಿಯುತ್ತದೆ. ಕಡ್ಡಿ ಹಾಕಿದರೆ ಇನ್ನಷ್ಟು ಒಳಗೆ ಹೋಗಿ ತಮಟೆಯ ಮುಂದೆ ಗಟ್ಟಿಯಾಗುತ್ತದೆ. ವಯಸ್ಸಾದಂತೆ ಗುಗ್ಗೆ ಒಣಗುತ್ತದೆ, ಒರಟು ಕೂದಲಿಗೆ ಸಿಕ್ಕಿ ನಿಲ್ಲುತ್ತದೆ. ಶ್ರವಣಯಂತ್ರ ಹಾಕಿಕೊಳ್ಳುವವರಿಗೆ ಇದರ ತೊಂದರೆ ಹೆಚ್ಚು. ಯಂತ್ರ ಸರಿಯಾಗಿ ಕೂಡದೆ ಸಿಳ್ಳೆ ಹೊಡೆಯುತ್ತದೆ. ‘ಮಷಿನ್ ಕೆಟ್ಟೈತಿ’ ಎಂದು ತೆಗೆದು ಕಪಾಟಿನಲ್ಲಿಡುವವರು ಒಮ್ಮೆ ಕಿವಿಯನ್ನೂ ಡಾಕ್ಟರರಿಗೆ ತೋರಿಸಬೇಕು.

ಮಾಸ್ತರರಿಗೆ ಆಗಿದ್ದೂ ಅದೇ. ಕುರುವಿಗೆಂದು ಹೋದಾಗ ಡಾಕ್ಟರರು ಎರಡನೆಯ ಕಿವಿಯನ್ನೂ ನೋಡಿ ಗಟ್ಟಿ ಗುಗ್ಗೆ ತೆಗೆದರಂತೆ. “ಮೊಮ್ಮಗಳು ಮರಾಠಿ ಸಾಲಿಗಿ ಹೋಗ್ತಾಳ. ಮಾತಾಡಿದ್ದು ತಿಳೀದಿದ್ರ, ಮರಾಠಿ ಅಂತ ತಿಳೀವಲ್ದು ಅನ್ಕೊಂಡ ಸುಮ್ಮನಿರತಿದ್ನಿ. ಕಿವಿ ಬಿಟ್ಟ ಮ್ಯಾಲ ಗೊತ್ತಾತು, ಆಕಿ ನನ್ನ ಕೂಡ ಕನ್ನಡದಾಗ ಮಾತಾಡ್ತಿದ್ಲು.”

ಅಂಗಡಿ ಒಂದು ಗಳಿಗೆ ಸುಮ್ಮನಾಯಿತು. ಕಾಕಾ ಕತ್ತರಿಯನ್ನು ಔಷಧದ ನೀರಿನಲ್ಲಿ ಅದ್ದಿ ಒರೆಸಿದರು. ಎಡಗೈಯಿಂದ ಹಾಲೆ ಎಳೆದು ಹಿಡಿದು, “ಈಗ ಮಾತಾಡಬ್ಯಾಡ್ರಿ, ಅಲ್ಲಾಡಬ್ಯಾಡ್ರಿ” ಎಂದರು. ಕತ್ತರಿ ಮೂರು ಸಲ ಕಚಕಚ ಎಂದಿತು. ಬೆಳ್ಳಗಿನ ನಾಲ್ಕು ಎಳೆ ಹೆಗಲ ಬಟ್ಟೆಯ ಮೇಲೆ ಬಿದ್ದವು.

“ಒಳಗಿಂದು?” ಎಂದರು ಮಾಸ್ತರರು.

“ಅದು ನಂದಲ್ರಿ, ಡಾಕ್ಟರ್‌ದು” ಎನ್ನುತ್ತ ಕಾಕಾ ಇನ್ನೊಂದು ಕಿವಿಗೆ ಬಂದರು.